ನಾಲ್ಕನೇ ಲೈನಿನ ಕೈಗಳು

ಮಾರ್ಚ್ 9

ಅತ್ತಿಗೆ,

‘ಚಾಚಿದ ಅಂಗೈಗಳೆಲ್ಲ ಒಂದೇ ಅಳತೆ...’ ಇದರ ಮುಂದೆ ಏನಿತ್ತು? ಕಾಲೇಜಿನ ಕೈಬರಹದ ಪತ್ರಿಕೆಗೆ ನೀವು ಬರೆದ ಪದ್ಯದ ಸಾಲು. ಆಗ ನೀವಿನ್ನೂ ನನ್ನ ಅತ್ತಿಗೆಯಾಗಿರಲಿಲ್ಲ, ಎರಡು ತರಗತಿ ಮೇಲಿದ್ದ ಗತ್ತಿನ ಹುಡುಗಿ. ಮುಂದಿನ ಸಾಲಿನಲ್ಲಿ ಆಕಾಶ ಬರುತ್ತಿತ್ತೋ ನೀರು ಬರುತ್ತಿತ್ತೋ, ಎಷ್ಟು ತಡಕಾಡಿದರೂ ಸಿಗುತ್ತಿಲ್ಲ. ಆದರೆ ನನ್ನ ತಕರಾರು ನೆನಪಿರುವ ಅರ್ಧದ ಮೇಲೆಯೇ. ಒಂದೇ ಅಳತೆ ಅಂತ ನಿಮಗೆ ಯಾರು ಹೇಳಿದರು?

ಹದಿನೆಂಟು ವರ್ಷದಿಂದ ನನ್ನ ಎದುರು ಪಿಂಗಾಣಿ ಕೈಗಳು ಸರಪಳಿಯಲ್ಲಿ ತೂಗಿಕೊಂಡು ಬರುತ್ತಿವೆ. ರಬ್ಬರ್ ಹಾಲಿನಲ್ಲಿ ಮುಳುಗಿ, ಎದ್ದು, ಒಲೆ ಹೊಕ್ಕು ಹೊರಬಂದು ನಮ್ಮ ಮುಂದೆ ನಿಲ್ಲುತ್ತವೆ. ನಾವು ಮೊದಲು ಮಣಿಕಟ್ಟು, ಆಮೇಲೆ ಬೆರಳು ಎಂದು ಕೈಗವಸನ್ನು ಕಳಚುತ್ತೇವೆ. ಆ ಪಿಂಗಾಣಿ ಅಚ್ಚುಗಳು ನಿಮ್ಮ ಕಂಪನಿಯವು. ಏಳೂವರೆ, ಎಂಟು, ಎಂಟೂವರೆ. ನೀವಿರುವ ದೇಶದ ಕೈಗಳು. ನನ್ನ ಕೈ ಆರನೇ ಅಳತೆ. ಹದಿನೆಂಟು ವರ್ಷದಲ್ಲಿ ನನ್ನ ಕೈಗೆ ಸರಿಹೋಗುವ ಒಂದೇ ಒಂದು ಜೊತೆಯನ್ನೂ ನಾನು ಮಾಡಿಲ್ಲ.

ಇದು ತಮಾಷೆಯ ವಿಷಯವಾಗಿತ್ತು, ಮೊನ್ನೆಯವರೆಗೆ. ನನ್ನ ಮಗಳನ್ನು, ನಿಮ್ಮ ಸೊಸೆಯನ್ನು, ದೊಡ್ಡಾಸ್ಪತ್ರೆಯಲ್ಲಿ ಈ ಹೊಸ ಜ್ವರದ ವಾರ್ಡಿನ ನರ್ಸ್ ಕೆಲಸಕ್ಕೆ ಹಾಕಿದ್ದಾರೆ. ನಮ್ಮ ಕಾರ್ಖಾನೆಯದೇ ಕೈಗವಸು, ಕಂಪನಿ ತಿರಸ್ಕರಿಸಿದ ಮಾಲು. ಮಣಿಕಟ್ಟಿಗೆ ಅಂಟುಪಟ್ಟಿ ಸುತ್ತಿಕೊಂಡು ಕೆಲಸ ಮಾಡುತ್ತಾಳೆ. ‘ಅಮ್ಮ, ನಾನು ಸೂಜಿ ಒಂದು ಕಡೆ ಹಿಡಿದ್ರೆ ಗ್ಲೌಸಿನ ತುದಿ ಇನ್ನೊಂದು ಕಡೆ ನೋಡ್ತಿರುತ್ತೆ’ ಎಂದು ನಗಾಡಿದಳು. ಹೋದ ವಾರ ಅವಳ ಜೊತೆಯ ಹುಡುಗಿಯ ಕೈಗವಸು ಅರ್ಧ ಜಾರಿತು. ಆ ಹುಡುಗಿ ಈಗ ಅದೇ ವಾರ್ಡಿನಲ್ಲಿ ಮಲಗಿದ್ದಾಳೆ. ಮಗಳು ಈಗ ನಗಾಡುತ್ತಿಲ್ಲ.

ಇಂಥ ನಾಲ್ಕು ಸರಪಳಿಗಳಲ್ಲಿ ಕೊನೆಯದು, ನಮ್ಮ ನಾಲ್ಕನೇ ಲೈನು, ಎರಡು ವರ್ಷದಿಂದ ಖಾಲಿ ನಿಂತಿದೆ. ಆರನೇ ಅಳತೆಯ ಆರುನೂರು ಅಚ್ಚು ಸಿಕ್ಕರೆ ನಮ್ಮೂರಿನ ಆಸ್ಪತ್ರೆಗೆ ಸಾಕಾಗುವಷ್ಟು ಮಾಡಬಹುದು. ನಿಮ್ಮ ಕಂಪನಿಯ ಉಗ್ರಾಣದಲ್ಲಿ ಇದ್ದೇ ಇರುತ್ತವೆ. ಕೇಳಿ ನೋಡುತ್ತೀರಾ?

ನಿಮ್ಮ ಫೋನು ಕಂಪನಿಯದು, ಅದರಲ್ಲಿ ಕೇಳುವ ಹಾಗಿಲ್ಲ. ಮಾಲು ಕೊಡುವವರಲ್ಲಿ ನಿಮ್ಮ ಸಂಬಂಧಿಕರಿದ್ದಾರೆ ಎಂದು ತಿಳಿದರೆ ನಿಮ್ಮ ಪರೀಕ್ಷಾ ಕೋಣೆಯ ಬೀಗದ ಕೈ ಕಸಿದುಕೊಳ್ಳುತ್ತಾರಲ್ಲ. ಹಾಗಾಗಿ ಎಂದಿನ ಹಾಗೆ, ಮೇಲ್ವಿಚಾರಕಿ ನಾನೇ ಕಟ್ಟಿ ನೀವೇ ಬಿಚ್ಚಿ ಪರೀಕ್ಷಿಸುವ ವಾರದ ಮಾದರಿ ಪೆಟ್ಟಿಗೆಯ ತಳದಲ್ಲಿ ಈ ಕಾಗದ. ಅಣ್ಣನಿಗೆ ಹೇಳಿ, ತಿಂಗಳಿಗೊಂದು ಫೋನು ಸಾಲದು ಅಂತ.

ನಿಮ್ಮ
ಚೂಟಿ


ಮಾರ್ಚ್ 24

ಚೂಟಿ,

ನಿನ್ನ ತಕರಾರು ಸರಿ. ಮುಂದಿನ ಸಾಲು ನನಗೂ ನೆನಪಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಗೊತ್ತಿಲ್ಲದ್ದನ್ನೆಲ್ಲ ‘ಒಂದೇ’ ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸವಿತ್ತು.

ಇಲ್ಲಿ ಏನಾಗುತ್ತಿದೆ ಎಂದು ನಿನಗೆ ಹೇಗೆ ಹೇಳಲಿ. ನಮ್ಮ ಪಟ್ಟಿಯಲ್ಲಿ ನಿಮ್ಮ ಕಾರ್ಖಾನೆಗೆ ಹೆಸರಿರಲಿಲ್ಲ, ಹದಿನೇಳನೇ ಸಂಖ್ಯೆ ಅಷ್ಟೇ. ನಿಮ್ಮ ಕಾರ್ಖಾನೆಯ ಯಜಮಾನರು ಇಲ್ಲಿಗೆ ಬಂದಿದ್ದಾಗ ಅವರನ್ನು ಮೊಗಸಾಲೆಯ ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದ್ದನಲ್ಲ, ಆ ಖರೀದಿ ಅಧಿಕಾರಿ ನಿನ್ನೆ ನನ್ನ ಮೇಜಿಗೆ ಬಂದು ಕೇಳಿದ, ‘ಅವರ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ?’ ನಾಲ್ಕು ಸಲ ಹೇಳಿಸಿದೆ. ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಹೇಳಿದ. ನಾವು ಕೊಂಡ ಮುಖಗವಸು ತುಂಬಿದ್ದ ವಿಮಾನವನ್ನು ಇನ್ನೊಂದು ದೇಶದವರು ರನ್‌ವೇಯಲ್ಲೇ ಹೆಚ್ಚು ಬೆಲೆ ಕೊಟ್ಟು ತಿರುಗಿಸಿಕೊಂಡರು. ಈ ಊರಿನಲ್ಲಿ ಎಲ್ಲವೂ ಸಿಗುತ್ತದೆ ಎಂದುಕೊಂಡಿದ್ದೆ. ಸಿಗುತ್ತಿತ್ತು, ಯಾರೋ ಎಲ್ಲೋ ಮಾಡಿ ಕಳಿಸುತ್ತಿದ್ದರು, ಅದಕ್ಕೆ. ಮಾಡುವುದನ್ನು ಇವರು ಬಿಟ್ಟು ಎಷ್ಟೋ ವರ್ಷವಾಗಿದೆ.

ಅಚ್ಚಿನ ವಿಷಯ ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ನಾಲ್ಕನೇ ಲೈನು ಶುರುಮಾಡುವುದಾದರೆ ಎಂಟನೇ ಅಳತೆಯ ಅಚ್ಚನ್ನೇ ಹಾಕು, ಇವತ್ತೇ ಕಳಿಸುವ ಏರ್ಪಾಡು ಮಾಡುತ್ತೇನೆ. ನೀವು ಮಾಡುವ ಪ್ರತಿಯೊಂದು ಜೊತೆಯೂ ಇಲ್ಲಿಗೆ ಬರಬೇಕು, ಬೇಗ ಬರಬೇಕು. ಯಜಮಾನರಿಗೆ ಕಳಿಸಿರುವ ಹೊಸ ಒಪ್ಪಂದಕ್ಕೆ ಸಹಿ ಹಾಕಿಸು. ದಯವಿಟ್ಟು. ಮದುವೆಯಾದ ಮೇಲೆ ನಿನ್ನನ್ನು ದಯವಿಟ್ಟು ಎಂದು ಕೇಳುತ್ತಿರುವುದು ಇದೇ ಮೊದಲು.

ನಿನ್ನ ಅಣ್ಣ ಚೆನ್ನಾಗಿದ್ದಾರೆ. ನಿದ್ದೆ ಜಾಸ್ತಿಯಾಗಿದೆ. ಫೋನು ನೀರಿಗೆ ಬಿದ್ದು ಕೆಟ್ಟಿದೆ, ರಿಪೇರಿ ಅಂಗಡಿಗಳೆಲ್ಲ ಮುಚ್ಚಿವೆ.

ಅತ್ತಿಗೆ


ಏಪ್ರಿಲ್ 11

ಅತ್ತಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅಕ್ಷರ ನಿಮ್ಮದು, ಮಾತು ಕಂಪನಿಯದು. ಸೊಸೆ ಹೇಗಿದ್ದಾಳೆ ಎಂದು ಒಂದು ಸಾಲು ಬರೆದಿದ್ದರೆ ಕಾಗದದ ತೂಕವೇನೂ ಜಾಸ್ತಿಯಾಗುತ್ತಿರಲಿಲ್ಲ.

ಯಜಮಾನರು ಸಹಿ ಹಾಕಿದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕಾರ್ಖಾನೆ ನಡೆಯಬೇಕಾದರೆ ಕೆಲಸದವರು ಒಳಗೇ ಇರಬೇಕು, ಹೊರಗೆ ಹೋಗಿಬರುವ ಹಾಗಿಲ್ಲ ಎಂದು ಸರ್ಕಾರದ ಆಜ್ಞೆಯಾಯಿತು. ಯಜಮಾನರು ಅಂಗಳದಲ್ಲಿ ಎಲ್ಲರನ್ನೂ ದೂರದೂರ ನಿಲ್ಲಿಸಿ ಕೇಳಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಕಳಚುವಾಕೆ, ನಾವು ಸೇನಾಪತಿ ಅಂತ ಕರೆಯುತ್ತೇವಲ್ಲ, ಅವಳೇ ಬಾಯಿ ತೆಗೆದಳು.

‘ಮನೆ ಮಠ ಬಿಟ್ಟು ಗೋಡೌನಲ್ಲಿ ಮಲಗಿ ಅಂತೀರಿ. ಮಲಗ್ತೀವಿ. ಆದ್ರೆ ನಾಲ್ಕನೇ ಲೈನು ನಮ್ಮೂರ ಆಸ್ಪತ್ರೆಗೆ.’

‘ಅದಕ್ಕೆ ಅಚ್ಚೆಲ್ಲಿದೆಯಮ್ಮ?’

‘ಅಚ್ಚು ಇವಳು ತರ್ತಾಳೆ’ ಎಂದು ನನ್ನ ಕಡೆ ಬೆರಳು ಮಾಡಿದಳು. ನನಗೆ ಮೊದಲೇ ಒಂದು ಮಾತು ಹೇಳಿರಲಿಲ್ಲ ಮಹರಾಯಿತಿ.

‘ಬೇಡ ಅಂದ್ರೆ?’

‘ಬೇಡ ಅಂದ್ರೆ ಬೇಡ. ನಾವು ಮನೆಗೆ ಹೋಗ್ತೀವಿ. ಗ್ಲೌಸು ತಾನೇ, ನೀವೇ ಕಳಚ್ಕೊಳಿ. ಅಂಥಾ ಕಷ್ಟ ಏನಿಲ್ಲ, ಮೊದಲ ಹತ್ತು ವರ್ಷ ಉಗುರು ಕಿತ್ತು ಬರುತ್ತೆ ಅಷ್ಟೇ.’

ನಲವತ್ತಾರು ಹೆಂಗಸರು ನಕ್ಕರು. ಯಜಮಾನರು ನಗಲಿಲ್ಲ. ಆದರೆ ಒಪ್ಪಿಕೊಂಡರು. ಹದಿನೆಂಟು ವರ್ಷದಲ್ಲಿ ಅವರು ನಮ್ಮನ್ನು ಒಂದು ಮಾತು ಕೇಳಿ, ಉತ್ತರಕ್ಕೆ ಕಾದು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಅಚ್ಚಿಗೆ ಎಲ್ಲಿ ಹೋಗುವುದು? ಪಕ್ಕದ ರಸ್ತೆಯಲ್ಲಿ ವಾಶ್ ಬೇಸಿನ್ ಮಾಡುವ ಸಣ್ಣ ಕಾರ್ಖಾನೆ ಇದೆ. ಕಟ್ಟಡದ ಕೆಲಸಗಳು ನಿಂತು ಅವರ ಗೂಡು ತಣ್ಣಗಾಗಿತ್ತು. ನಮ್ಮ ಗೇಟಿನ ಆಚೆ ಅವರು, ಈಚೆ ನಾನು. ‘ಇಷ್ಟು ವರ್ಷ ಜನ ಕೈ ತೊಳೆಯೋಕೆ ಬೇಸಿನ್ ಮಾಡ್ದೆ, ಈಗ ಕೈಯನ್ನೇ ಮಾಡು ಅಂತೀರಲ್ಲ’ ಎಂದರು ಬೇಸಿನ್ ಮೇಸ್ತ್ರಿ. ಜೇಡಿಮಣ್ಣು ಸುಟ್ಟಾಗ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ನಮ್ಮಿಂದ ಬೇಕಾದ್ದು ಕೈಗಳ ಅಳತೆ ಮಾತ್ರ. ಮಗಳಿಗೆ ಹೇಳಿದ್ದೇನೆ, ವಾರ್ಡಿನ ನರ್ಸುಗಳೆಲ್ಲ ಕಾಗದದ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು ಕಳಿಸುತ್ತಾರೆ.

ನಿಮ್ಮ ಕಂಪನಿಯ ಅಪ್ಪಣೆ ಬೇಕಾಗಲಿಲ್ಲ. ತಿಳಿಸುತ್ತಿದ್ದೇನೆ ಅಷ್ಟೇ.

ಚೂಟಿ


ಮೇ 6

ಅತ್ತಿಗೆ,

ಮೂರು ಪೆಟ್ಟಿಗೆ ವಾಪಸು ಬಂದವು. ಮೂರರಲ್ಲೂ ಪರೀಕ್ಷೆಯ ಚೀಟಿ, ಅದರ ಮೇಲೆ ನಿಮ್ಮ ಸಹಿ, ‘ನೀರು ನಿಂತಿದೆ, ಸೋರಿಲ್ಲ’ ಎಂಬ ಮುದ್ರೆ. ತಳದಲ್ಲಿ ಏನೂ ಇರಲಿಲ್ಲ. ಸಿಟ್ಟಾಗಿದ್ದೀರಿ ಎಂದುಕೊಳ್ಳುತ್ತೇನೆ. ಸಿಟ್ಟಾಗಿದ್ದರೂ ಓದಿ, ಯಾಕೆಂದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಬೇಸಿನ್ ಮೇಸ್ತ್ರಿ ಮೊದಲ ಕಂತಿನ ನೂರು ಅಚ್ಚು ತಂದರು. ಒಂದನ್ನು ಎತ್ತಿ ಎಂಟನೇ ಅಳತೆಯ ಅಚ್ಚಿನ ಪಕ್ಕ ಹಿಡಿದೆ. ಅಣ್ಣತಮ್ಮಂದಿರ ಹಾಗೆ ನಿಂತವು. ಕೂದಲೆಳೆಯಷ್ಟೂ ಚಿಕ್ಕದಿಲ್ಲ. ನೂರಕ್ಕೆ ನೂರೂ ಹಾಗೆಯೇ.

ಎಲ್ಲರೂ ಅವರ ಮೇಲೆ ಬಿದ್ದರು. ಅವರಿಗೆ ರೇಗಿತು. ‘ನೋಡಿ, ನೀವು ಕೊಟ್ಟ ಕಾಗದ ಇಲ್ಲಿದೆ. ಇಟ್ಟು ನೋಡಿ. ಒಂದು ಗೆರೆ ಆಚೀಚೆ ಇದ್ರೆ ನನ್ನ ಗೂಡಿಗೆ ಬೀಗ ಹಾಕ್ತೀನಿ. ನಿಮ್ಮ ನರ್ಸುಗಳೇ ರಾಕ್ಷಸರು.’

ಇಟ್ಟು ನೋಡಿದೆವು. ಅವರ ಮಾತೇ ನಿಜ. ಮಗಳಿಗೆ ಫೋನು ಮಾಡಿದೆ. ಗೆರೆ ಹೇಗೆ ಎಳೆದಿರಿ ಎಂದು ಕೇಳಿದೆ. ‘ಅಮ್ಮ, ಬರಿಗೈ ತಾಗಿದ ಕಾಗದ ವಾರ್ಡಿಂದ ಆಚೆ ಹೋಗಬಾರದು ಅಂತ ರೂಲು. ಅದಕ್ಕೆ...’

‘ಅದಕ್ಕೆ?’

‘ಗ್ಲೌಸು ಹಾಕ್ಕೊಂಡೇ ಗೆರೆ ಎಳೆದ್ವಿ.’

ಮೂವತ್ತೆರಡು ನರ್ಸುಗಳು ಅಷ್ಟು ಶ್ರದ್ಧೆಯಿಂದ ನಮ್ಮ ಎಂಟನೇ ಅಳತೆಯ ಕೈಗವಸಿನ ಚಿತ್ರ ಬರೆದು ಕಳಿಸಿದ್ದರು. ಯಾರೊಬ್ಬರಿಗೂ ಹೊಳೆಯಲಿಲ್ಲ. ಆ ಕೈಗವಸು ಅವರಿಗೆ ಅಷ್ಟು ಸ್ವಂತದ್ದಾಗಿಬಿಟ್ಟಿತ್ತು. ನಾನಾದರೂ ಏನು, ಆ ಕಾಗದಗಳನ್ನು ಕೈಯಲ್ಲಿ ಹಿಡಿದು ನೋಡಿ, ಸರಿಯಾಗಿದೆ ಎಂದು ಮೇಸ್ತ್ರಿಗೆ ಕೊಟ್ಟವಳು ನಾನೇ. ಕೈ ಎಂದರೆ ಅಷ್ಟು ದೊಡ್ಡದೇ ಇರುತ್ತದೆ ಎಂದು ನನ್ನ ಕಣ್ಣಿಗೂ ರೂಢಿಯಾಗಿದೆ.

ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸೇನಾಪತಿ ಹೇಳಿದಳು, ‘ಕಾಗದ ಆಚೆ ಬರಬಾರದು ಅಷ್ಟೇ ತಾನೇ? ನಾವು ಒಳಗೆ ನೋಡಬಾರದು ಅಂತ ರೂಲಿಲ್ವಲ್ಲ.’

ಅಪ್ಪಣೆ ತೆಗೆದುಕೊಂಡು ಮೇಸ್ತ್ರಿ, ನಾನು ಇಬ್ಬರೇ ಆಸ್ಪತ್ರೆಯ ಹಿಂಬದಿಗೆ ಹೋದೆವು. ನೆಲಮಹಡಿಯಲ್ಲಿ ಉದ್ದನೆಯ ಗಾಜಿನ ಕಿಟಕಿಗಳಿವೆ. ಪಾಳಿ ಮುಗಿಸಿದ ನರ್ಸುಗಳು ಒಬ್ಬೊಬ್ಬರಾಗಿ ಕೈ ತೊಳೆದುಕೊಂಡು ಬಂದು, ಬರಿಯ ಅಂಗೈಯನ್ನು ಒಳಗಿನಿಂದ ಗಾಜಿಗೆ ಒತ್ತಿ ಹಿಡಿದರು. ನಾನು ಹೊರಗಿನಿಂದ ಮೇಣದ ಪೆನ್ಸಿಲಿನಲ್ಲಿ ಗೆರೆ ಎಳೆದೆ. ‘ಕಣ್ಣು ನೇರಕ್ಕಿಡಿ, ಓರೆ ನೋಡಿದ್ರೆ ಅಳತೆ ಓರೆಯಾಗುತ್ತೆ’ ಎಂದು ಮೇಸ್ತ್ರಿ ಪ್ರತಿಯೊಂದು ಬೆರಳಿಗೂ ಹೇಳುತ್ತಿದ್ದರು. ಅಂಗೈಯ ಸುತ್ತಳತೆಗೆ ನರ್ಸುಗಳು ಒಳಗೆ ದಾರ ಸುತ್ತಿ, ಆ ದಾರವನ್ನು ಗಾಜಿನ ಮೇಲೆ ಚಾಚಿ ತೋರಿಸಿದರು.

ಎಲ್ಲರ ಮುಖವೂ ಮುಚ್ಚಿತ್ತು. ಹತ್ತೊಂಬತ್ತನೆಯ ಕೈ ಗಾಜಿಗೆ ಬಂದಾಗ ಕಿರುಬೆರಳು ಒಳಕ್ಕೆ ಬಾಗಿತ್ತು. ನಿಮಗೆ ನೆನಪಿದೆಯಲ್ಲ, ನಾಲ್ಕನೇ ವಯಸ್ಸಿನಲ್ಲಿ ಉಯ್ಯಾಲೆಯಿಂದ ಬಿದ್ದು ಮುರಿದುಕೊಂಡಿದ್ದಳು, ನೀವೇ ಎತ್ತಿಕೊಂಡು ಓಡಿದ್ದು. ನಲವತ್ತು ದಿನದ ಮೇಲೆ ಅವಳನ್ನು ನೋಡಿದೆ, ಆ ಬೆರಳಿನಿಂದ ಗುರುತಿಸಿದೆ. ಚರ್ಮ ತೊಳೆದೂ ತೊಳೆದೂ ಬಿರುಕು ಬಿಟ್ಟಿತ್ತು. ಗೆರೆ ಎಳೆಯುವಾಗ ನನ್ನ ಪೆನ್ಸಿಲು ನಿಂತುಬಿಟ್ಟಿತು. ಅವಳು ಒಳಗಿನಿಂದ ಏನೋ ಕೂಗಿದಳು. ಕೇಳಿಸಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿದಳು, ‘ಬೇಗ ಬರಿ, ನನ್ನ ಹಿಂದೆ ಹನ್ನೆರಡು ಜನ ನಿಂತಿದ್ದಾರೆ ಅಂದೆ.’

ಗಾಜಿನ ಮೇಲೆ ಕಾಗದವಿಟ್ಟು ಗೆರೆಗಳನ್ನು ಎತ್ತಿಕೊಂಡೆವು. ಮೇಸ್ತ್ರಿ ಈಗ ಹೊಸ ಅಚ್ಚು ಮಾಡುತ್ತಿದ್ದಾರೆ. ಆ ನೂರನ್ನು ಒಡೆಯಲು ಅವರಿಗೆ ಮನಸ್ಸು ಬರಲಿಲ್ಲ, ಒಂದನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.

ಅಣ್ಣನ ಫೋನು ಇನ್ನೂ ರಿಪೇರಿಯಾಗಿಲ್ಲವೇ?

ಚೂಟಿ


ಮೇ 29

ಅತ್ತಿಗೆಯವರಿಗೆ,

ಕಂಪನಿಯ ಪತ್ರ ಈಮೇಲಿನಲ್ಲಿ ಬಂತು. ‘ನಿಮ್ಮ ಆವರಣದಲ್ಲಿ ತಯಾರಾದ ಮಾಲು ಬೇರೆ ಯಾರಿಗಾದರೂ ಹೋದಲ್ಲಿ ಮೂರೂ ಲೈನುಗಳ ನಮ್ಮ ಅಚ್ಚುಗಳನ್ನು ಕೂಡಲೇ ಹಿಂದಕ್ಕೆ ಪಡೆಯಲಾಗುವುದು.’ ಕೆಳಗೆ ಸಹಿ ನಿಮ್ಮದು. ಆ ಸಹಿಯ ಬಾಲ ನನಗೆ ಕಾಲೇಜಿನ ದಿನಗಳಿಂದ ಗೊತ್ತು.

ನಾಲ್ಕನೇ ಲೈನಿನ ವಿಷಯವನ್ನು ನಾನು ಬರೆದದ್ದು ನಿಮಗೆ. ಬೇರೆ ಯಾರಿಗೂ ಅಲ್ಲ.

ಯಜಮಾನರ ಕೈಕಾಲು ಆಡುತ್ತಿಲ್ಲ. ಲೈನು ನಿಲ್ಲಿಸೋಣ ಎನ್ನುತ್ತಿದ್ದಾರೆ. ಹೊಸ ಅಚ್ಚು ಗುರುವಾರ ಬರುತ್ತದೆ. ನಾನು ಅದನ್ನು ಸರಪಳಿಗೆ ಹಾಕುತ್ತೇನೆ. ಆ ಹುಡುಗಿ, ಮಗಳ ಜೊತೆಯವಳು, ಮೊನ್ನೆ ತೀರಿಕೊಂಡಳು. ಇಪ್ಪತ್ತಾರು ವರ್ಷ.

ಇನ್ನು ಮುಂದೆ ಪೆಟ್ಟಿಗೆಯಲ್ಲಿ ಮಾದರಿ ಮಾತ್ರ ಇರುತ್ತದೆ.


ಮೇ 27

ಚೂಟಿ,

ಈ ಕಾಗದಕ್ಕಿಂತ ಮೊದಲು ನಿಮಗೆ ಒಂದು ಈಮೇಲು ಬರುತ್ತದೆ. ಅದಕ್ಕೆ ಹೆದರಬೇಡ. ಅದನ್ನು ಬರೆಯುವವಳೇ ನಾನು, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರೆಯಬೇಕೆಂದು ಹೇಳಿದ್ದಾರೆ.

ನಾಲ್ಕನೇ ಲೈನಿನ ಸಂಗತಿ ನನ್ನಿಂದ ಹೊರಬಿದ್ದಿಲ್ಲ. ನಿಮ್ಮ ಯಜಮಾನರು ಹೋದ ವಾರ ವಿಡಿಯೋ ಕರೆಯಲ್ಲಿ ಎದೆಯುಬ್ಬಿಸಿ, ‘ನಾವು ನಮ್ಮದೇ ಅಚ್ಚು ಮಾಡಿದ್ದೇವೆ’ ಎಂದು ಹೇಳಿ ಒಂದನ್ನು ಎತ್ತಿ ತೋರಿಸಿದರು. ಅವರ ಸಂತೋಷ ನೋಡಿ ನನಗೆ ನಗುವೂ ಬಂತು, ತಲೆ ಚಚ್ಚಿಕೊಳ್ಳುವ ಹಾಗೂ ಆಯಿತು.

ಈಗ ಕೇಳು. ಒಪ್ಪಂದದ ಒಂಬತ್ತನೇ ಷರತ್ತನ್ನು ಓದಿ ನೋಡಲಿ. ‘ಕಂಪನಿ ಒದಗಿಸಿದ ಅಚ್ಚುಗಳ ಮೇಲೆ ತಯಾರಾದ ಸಮಸ್ತ ಮಾಲು’ ಎಂದಿದೆ. ನಿಮ್ಮ ಮೇಸ್ತ್ರಿ ಸುಟ್ಟ ಅಚ್ಚು ಕಂಪನಿಯದಲ್ಲ. ನೀವು ನಿಮ್ಮ ಮಣ್ಣಿನಲ್ಲಿ ಅಚ್ಚು ಮಾಡಿಕೊಳ್ಳಬಹುದು ಎಂಬುದು ಇಲ್ಲಿ ಯಾರ ತಲೆಗೂ ಹೋಗಿರಲಿಲ್ಲ, ಅದಕ್ಕೆ ಹಾಗೆ ಬರೆದಿದ್ದಾರೆ. ಇನ್ನೊಂದು. ಇವರ ಉಗ್ರಾಣದಲ್ಲಿರುವುದು ಒಂಬತ್ತು ದಿನದ ಕೈಗವಸು. ಅಚ್ಚು ಬಿಚ್ಚಿ, ಹಡಗಿಗೆ ಹಾಕಿ, ಇನ್ನೊಂದು ಕಡೆ ಕೂರಿಸಲು ಮೂರು ತಿಂಗಳು ಬೇಕು. ಇವರು ಬೆದರಿಸಬಲ್ಲರು, ಬರಲಾರರು.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ನಿನ್ನ ಅಣ್ಣನ ಫೋನು ಕೆಟ್ಟಿರಲಿಲ್ಲ. ಮಾರ್ಚ್ ಇಪ್ಪತ್ತೆರಡಕ್ಕೆ ಅವರನ್ನು ಆಸ್ಪತ್ರೆಗೆ ಸೇರಿಸಿದೆ. ಐವತ್ತೊಂದು ದಿನ. ಅದರಲ್ಲಿ ಹದಿನಾರು ದಿನ ಯಂತ್ರದ ಉಸಿರು. ಬಾಗಿಲಿನವರೆಗೆ ಮಾತ್ರ ನನ್ನನ್ನು ಬಿಟ್ಟರು. ಅಲ್ಲಿ ಒಬ್ಬ ಸಿಬ್ಬಂದಿ ಕೈಗವಸುಗಳನ್ನು ತೊಳೆದು ದಾರಕ್ಕೆ ನೇತುಹಾಕುತ್ತಿದ್ದಳು. ಚೂಟಿ, ಅವು ನಿಮ್ಮವು. ಅಂಚಿನ ಸುರುಳಿ ನೋಡಿದರೆ ನನಗೆ ಗೊತ್ತಾಗುತ್ತದೆ. ಒಂದು ಸಲ ಹಾಕಿ ಎಸೆಯಬೇಕಾದ್ದನ್ನು ಒಗೆದು ಒಣಗಿಸುತ್ತಿದ್ದರು, ಈ ಶ್ರೀಮಂತ ಊರಿನಲ್ಲಿ. ಅದನ್ನು ನೋಡಿ ಬಂದು, ಎರಡು ದಿನದ ಮೇಲೆ ನಿನಗೆ ಆ ಕಾಗದ ಬರೆದೆ. ನೀನು ಕಳಿಸುವ ಪ್ರತಿ ಪೆಟ್ಟಿಗೆಯೂ ಅವರ ಹಾಸಿಗೆಯ ಹತ್ತಿರ ಹೋಗಲಿ ಎಂಬುದೊಂದೇ ತಲೆಯಲ್ಲಿತ್ತು. ಸೊಸೆಯ ನೆನಪು ಬಂದಿರಲಿಲ್ಲ ಎಂದರೆ ಸುಳ್ಳು. ಬಂತು, ನಾನು ಆಚೆ ನೂಕಿದೆ. ಅದನ್ನು ಬರೆಯಲು ಕೈ ಬರಲಿಲ್ಲ. ಆಮೇಲೆ ಏನನ್ನೂ ಬರೆಯಲಾಗಲಿಲ್ಲ.

ಮೇ ಹನ್ನೆರಡಕ್ಕೆ ನಿನ್ನ ಅಣ್ಣ ಮನೆಗೆ ಬಂದರು. ನಾಲ್ಕು ಹೆಜ್ಜೆಗೆ ಕೂರುತ್ತಾರೆ. ಮೊದಲ ದಿನ ಅವರು ಹೇಳಿದ್ದು ತಮ್ಮ ಉಸಿರಿನ ವಿಷಯವಲ್ಲ. ‘ನನ್ನ ನೋಡ್ಕೊಂಡ ನರ್ಸು ಎಲ್ಲಿಂದಲೋ ಬಂದವಳು ಕಣೆ, ಇಷ್ಟೇ ಇಷ್ಟು ಕೈ. ಆ ಗ್ಲೌಸಲ್ಲಿ ಅವಳ ಬೆರಳು ಈಜಾಡ್ತಿತ್ತು. ಮಣಿಕಟ್ಟಿಗೆ ಕೂದಲಿನ ರಬ್ಬರ್ ಬ್ಯಾಂಡ್ ಕಟ್ಕೊಂಡಿದ್ಲು. ನಮ್ಮ ಚೂಟಿಗೆ ಹೇಳು, ಅಂಥ ಕೈಗೆ ಮಾಡೋಕೆ ಆಗುತ್ತಾ ಅಂತ.’

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ನಾನು ಅವರಿಗೆ ಓದಿಯೇ ಇರಲಿಲ್ಲ.

ಲೈನು ನಿಲ್ಲಿಸಬೇಡ.

ಅತ್ತಿಗೆ


ಜೂನ್ 8

ಅತ್ತಿಗೆ,

ನಿಮ್ಮ ಇಪ್ಪತ್ತೇಳನೇ ತಾರೀಖಿನ ಕಾಗದ ನನಗೆ ಸಿಕ್ಕಿದ್ದು ಜೂನ್ ಮೂರಕ್ಕೆ. ಅಷ್ಟರಲ್ಲಿ ನನ್ನ ಇಪ್ಪತ್ತೊಂಬತ್ತರದು ಹೊರಟುಹೋಗಿತ್ತು. ಅದನ್ನು ಓದದೆ ಒಲೆಗೆ ಹಾಕಿ ಎನ್ನುವುದಿಲ್ಲ. ಓದಿ, ಆಮೇಲೆ ಒಲೆಗೆ ಹಾಕಿ. ಅಣ್ಣನ ವಿಷಯ ಮುಚ್ಚಿಟ್ಟದ್ದಕ್ಕೆ ನಿಮ್ಮ ಜೊತೆ ದೊಡ್ಡ ಜಗಳವಿದೆ. ಎದುರುಬದುರು ಕೂತು ಆಡುವ ಜಗಳ, ಕಾಗದದಲ್ಲಿ ಮುಗಿಸುವುದಿಲ್ಲ.

ನಿಮ್ಮ ಕಾಗದ ಬಂದ ದಿನ ಯಜಮಾನರ ಕೋಣೆಗೆ ಹೋದೆ. ಸೇನಾಪತಿ ಕರೆಯದೆಯೇ ಹಿಂದೆ ಬಂದಳು.

‘ಒಂಬತ್ತನೇ ಷರತ್ತು ಓದಿ ಯಜಮಾನ್ರೆ.’

ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ‘ಇದು ನಿನಗೆ ಹೇಗೆ ಗೊತ್ತು?’

‘ಅದನ್ನ ಕೇಳಬೇಡಿ. ಅವರ ಹತ್ರ ಒಂಬತ್ತು ದಿನದ ಮಾಲು ಮಾತ್ರ ಇದೆ. ಅದು ಹೇಗೆ ಗೊತ್ತು ಅಂತಾನೂ ಕೇಳಬೇಡಿ.’

‘ನಿಜವಾಗ್ಲೂ ಅಚ್ಚು ಎತ್ಕೊಂಡು ಹೋದ್ರೆ? ಮೂರು ಲೈನು, ನೂರೆಂಬತ್ತು ಜನ. ನಾಳೆ ಯಾರಿಗೆ ಮುಖ ತೋರಿಸ್ಲಿ?’

ಅದು ಬೂಟಾಟಿಕೆಯ ಹೆದರಿಕೆಯಾಗಿರಲಿಲ್ಲ ಅತ್ತಿಗೆ. ನನಗೂ ಅದೇ ಇತ್ತು. ಸೇನಾಪತಿ ಬಾಗಿಲಿಗೆ ಒರಗಿಕೊಂಡೇ ಹೇಳಿದಳು, ‘ಎತ್ಕೊಂಡು ಹೋದ್ರೆ ಮೇಸ್ತ್ರಿ ಮಾಡ್ತಾರೆ. ನೂರು ಎಂಟನೇ ಸೈಜು ಆಗ್ಲೇ ರೆಡಿ ಇದೆ. ನಮ್ಮ ನರ್ಸುಗಳು ತಪ್ಪು ಮಾಡಿದ್ದೂ ಒಳ್ಳೇದಕ್ಕೇ.’

ಯಜಮಾನರು ಮೊದಲ ಸಲ ನಕ್ಕರು. ಮಾರನೆಯ ದಿನ ಕರೆಯಲ್ಲಿ ನಾವಿಬ್ಬರೂ ಪಕ್ಕದಲ್ಲಿದ್ದೆವು. ಖರೀದಿ ಅಧಿಕಾರಿ ಬೆದರಿಕೆಯನ್ನು ಇನ್ನೊಂದು ಸಲ ಓದಿದ. ಯಜಮಾನರು ಕೇಳಿಸಿಕೊಂಡು, ಲೋಟದಿಂದ ನೀರು ಕುಡಿದು, ‘ಒಂಬತ್ತನೇ ಷರತ್ತು ಓದಿ ನೋಡಿ. ನಿಮ್ಮ ಅಚ್ಚು ಬೇಕಾದ್ರೆ ಬಂದು ತಗೊಂಡು ಹೋಗಿ. ಬಿಚ್ಚಿ ಇಟ್ಟಿರ್ತೀವಿ’ ಎಂದರು. ಆ ಕಡೆ ಕಾಗದ ತಿರುವುವ ಸದ್ದಾಯಿತು. ಆಮೇಲೆ ಅವನು ಯಜಮಾನರ ಹೆಸರನ್ನು ಹಿಡಿದು ಕರೆದ, ಎಷ್ಟು ಸ್ಪಷ್ಟವಾಗಿ ಅಂತೀರಿ, ನಮ್ಮ ಗುಮಾಸ್ತನೂ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ‘ನಿಮ್ಮ ಸ್ಥಳೀಯ ಅಗತ್ಯ ನಮಗೆ ಅರ್ಥವಾಗುತ್ತದೆ’ ಎಂದ.

ನಾಲ್ಕನೇ ಲೈನು ಓಡುತ್ತಿದೆ. ಮೊದಲ ಜೊತೆಯನ್ನು ನಾನು ಕಳಚಿದೆ. ಬೆರಳು ತಪ್ಪಿತು. ಅಷ್ಟು ಚಿಕ್ಕದನ್ನು ಹಿಡಿದು ಅಭ್ಯಾಸವಿಲ್ಲ.

ಮೂರು ಲೈನುಗಳ ಮಾಲು ತಡವಿಲ್ಲದೆ ನಿಮ್ಮ ಕಡೆಗೇ ಬರುತ್ತಿದೆ. ಆ ನರ್ಸು ಎಲ್ಲಿದ್ದಾಳೆಂದು ಅಣ್ಣನಿಗೆ ಗೊತ್ತಿದ್ದರೆ, ಪೆಟ್ಟಿಗೆಯ ತಳದಲ್ಲಿ ಆರನೇ ಅಳತೆಯ ಐವತ್ತು ಜೊತೆ ಇಟ್ಟಿದ್ದೇನೆ.

ಚೂಟಿ


ಆಗಸ್ಟ್ 2

ಚೂಟಿ,

ಇದು ಅಂಚೆಯಲ್ಲಿ ಬರುತ್ತಿದೆ, ಪೆಟ್ಟಿಗೆಯಲ್ಲಿ ಅಲ್ಲ. ಬೀಗದ ಕೈಯನ್ನು ನಾನೇ ವಾಪಸು ಕೊಟ್ಟೆ. ‘ಹದಿನೇಳನೇ ಸಂಖ್ಯೆಯ ಕಾರ್ಖಾನೆಯ ಮೇಲ್ವಿಚಾರಕಿ ನನ್ನ ನಾದಿನಿ’ ಎಂದು ಹೇಳಿದೆ. ಹನ್ನೊಂದು ವರ್ಷ ಬಚ್ಚಿಟ್ಟ ಮಾತು ಹೇಳಲು ಅರ್ಧ ನಿಮಿಷ ಸಾಕಾಯಿತು. ಅಧಿಕಾರಿ ಕೇಳಿದ, ‘ಹಾಗಾದರೆ ಷರತ್ತನ್ನು ನೀವೇ...?’ ಹೌದು ಎಂದೆ. ಮಧ್ಯಾಹ್ನಕ್ಕೆಲ್ಲ ಮನೆಯಲ್ಲಿದ್ದೆ. ಅದರ ಬಗ್ಗೆ ಮರುಗಬೇಡ, ನಾನು ಮರುಗುತ್ತಿಲ್ಲ.

ನಿನಗೆ ತಿಳಿಯಬೇಕಾದ್ದು ಬೇರೆ. ಇವರು ಇಲ್ಲಿ ಹೊಸ ಕಾರ್ಖಾನೆ ಕಟ್ಟುತ್ತಿದ್ದಾರೆ. ಕೈಗವಸನ್ನು ಕಳಚುವುದಕ್ಕೂ ಯಂತ್ರ. ಅಡಿಪಾಯದ ದಿನ ಖರೀದಿ ಅಧಿಕಾರಿ ‘ಇನ್ನು ನಮಗೆ ಯಾರ ಹಂಗೂ ಬೇಡ’ ಎಂದ, ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಕೆಲವು ತಿಂಗಳು ತಾವು ಬೇಡಿ ನಿಂತದ್ದನ್ನು ಇವರು ಮರೆಯುವುದಿಲ್ಲ. ಇನ್ನೊಮ್ಮೆ ಹಾಗೆ ನಿಲ್ಲಬಾರದೆಂದು ಕಟ್ಟುತ್ತಿದ್ದಾರೆ, ಅದನ್ನು ತಪ್ಪೆನ್ನಲು ನನಗಾಗುವುದಿಲ್ಲ. ಎರಡು ವರ್ಷದಲ್ಲಿ ನಿಮ್ಮ ಮೂರು ಲೈನುಗಳಿಗೆ ಇಲ್ಲಿ ಕೆಲಸವಿರುವುದಿಲ್ಲ. ಯಜಮಾನರಿಗೆ ಈಗಲೇ ಹೇಳು. ಬಲ ನಿಮ್ಮ ಕಡೆ ವಾಲಿದೆ ನಿಜ. ಅದು ಅಲ್ಲೇ ನಿಲ್ಲುತ್ತದೆ ಎಂದುಕೊಂಡು ಕೂತರೆ ಕೆಟ್ಟಿರಿ.

ನನ್ನ ಮೇಜಿನ ಮೂರನೇ ಖಾನೆಯಲ್ಲಿ ಒಂದು ಕಡತವಿತ್ತು. ಬೇರೆಬೇರೆ ದೇಶದ ಆಸ್ಪತ್ರೆಗಳು ಆರನೇ ಅಳತೆ, ಐದೂವರೆ ಅಳತೆ ಕೇಳಿ ಬರೆದ ಕಾಗದಗಳು. ‘ವಿಷಾದವಿದೆ, ಆ ಅಳತೆಯನ್ನು ನಾವು ತಯಾರಿಸುವುದಿಲ್ಲ’ ಎಂದು ಹನ್ನೊಂದು ವರ್ಷ ಉತ್ತರ ಬರೆದವಳು ನಾನೇ. ಕಡತವನ್ನು ಅಲ್ಲೇ ಬಿಟ್ಟುಬಂದೆ, ಅದು ಅವರದು. ಆದರೆ ಆ ಊರುಗಳಲ್ಲಿ ದೊಡ್ಡ ಆಸ್ಪತ್ರೆ ಇದೆ ಎಂಬುದು ಗುಟ್ಟೇನಲ್ಲ. ಹತ್ತೊಂಬತ್ತು ಆಸ್ಪತ್ರೆಗಳಿಗೆ ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಹಿಂದೆ ಇಲ್ಲ ಎಂದವಳೇ ಈಗ ಇದೆ ಎನ್ನುತ್ತಿದ್ದೇನೆ, ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದು.

ಮಾದರಿಯನ್ನು ಮನೆಗೆ ಕಳಿಸು. ಪರೀಕ್ಷೆ ನಾನು ಮಾಡುತ್ತೇನೆ. ಒಂದು ಲೀಟರ್ ನೀರು, ಎರಡು ನಿಮಿಷ. ಅದಕ್ಕೆ ಕಂಪನಿ ಬೇಕಿಲ್ಲ, ಗೋಡೆಗೊಂದು ಮೊಳೆ ಸಾಕು. ನಿನ್ನ ಅಣ್ಣ ಆಗಲೇ ಸ್ನಾನದ ಕೋಣೆಯಲ್ಲಿ ಆರು ಮೊಳೆ ಹೊಡೆದಿದ್ದಾರೆ. ಮಧ್ಯೆ ಎರಡು ಸಲ ಕೂತರು, ಆದರೆ ಸುತ್ತಿಗೆ ನನಗೆ ಕೊಡಲಿಲ್ಲ.

ಅತ್ತಿಗೆ


ಸೆಪ್ಟೆಂಬರ್ 19

ಅತ್ತಿಗೆ,

ನೂರ ಎಪ್ಪತ್ತೆಂಟು ದಿನದ ಮೇಲೆ ಮನೆಗೆ ಬಂದೆ. ಮಗಳು ನನಗಿಂತ ಮೊದಲೇ ಬಂದು ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಅವಳ ಕೈ ಹಿಡಿದು ನೋಡಿದೆ. ಮಣಿಕಟ್ಟಿನಲ್ಲಿ ಅಂಟುಪಟ್ಟಿಯ ಗುರುತು ಮಾಸಿದೆ. ಜೂನ್ ಹತ್ತರಿಂದ ಈವರೆಗೆ ಅವರ ವಾರ್ಡಿನಲ್ಲಿ ಕೈಗವಸು ಜಾರಿ ಯಾರಿಗೂ ಸೋಂಕಾಗಿಲ್ಲ. ಮೂವತ್ತೊಂದು ಜನ. ಮೂವತ್ತೆರಡನೆಯವಳು ತೀರಿಹೋದ ಆ ಹುಡುಗಿ, ಅವಳ ಕೈ ಗಾಜಿನ ಮೇಲಿನ ಗೆರೆಗಳಲ್ಲೂ ಇರಲಿಲ್ಲ. ಅವಳು ಕಾಗದದ ಮೇಲೆ ಎಳೆದ ಗೆರೆ ಮಾತ್ರ ಇದೆ, ಕೈಗವಸು ಹಾಕಿಕೊಂಡು ಎಳೆದದ್ದು. ಹಾಸಿಗೆಯಿಂದಲೇ ಎಳೆದು ಕಳಿಸಿದ್ದಳಂತೆ.

ನೀವು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ಬೇಸಿನ್ ಮೇಸ್ತ್ರಿಯನ್ನು ಕರೆಸಿ ಮೂರನೇ ಲೈನಿಗೂ ಚಿಕ್ಕ ಅಚ್ಚು ಹೇಳಿದರು. ಮೇಸ್ತ್ರಿ ಬೇಸಿನ್ ಮಾಡುವುದನ್ನೇ ಬಿಟ್ಟಿದ್ದಾರೆ. ‘ಬೇಸಿನ್ ಕೊಂಡವರು ಯಾರೂ ಥ್ಯಾಂಕ್ಸ್ ಅಂತ ಬರೆದಿಲ್ಲ’ ಎನ್ನುತ್ತಾರೆ.

ಹತ್ತೊಂಬತ್ತು ಆಸ್ಪತ್ರೆಗಳಲ್ಲಿ ಮೂರು ಉತ್ತರ ಬರೆದಿವೆ. ಮೂರೂ ಬೇರೆಬೇರೆ ದೇಶ, ಮೂರಕ್ಕೂ ಈ ತಿಂಗಳೇ ಬೇಕು. ನಮ್ಮಲ್ಲಿ ತಯಾರಿರುವುದು ಇಬ್ಬರಿಗಾಗುವಷ್ಟು. ಈ ನಡುವೆ ನಿಮ್ಮ ಹಳೆಯ ಖರೀದಿ ಅಧಿಕಾರಿ ಫೋನು ಮಾಡಿ, ಅಲ್ಲಿಯೂ ಚಿಕ್ಕ ಕೈಯವರು ಬಹಳ ಜನ ಇದ್ದಾರೆಂದು ಈಗ ತಿಳಿಯಿತು, ಎಲ್ಲವನ್ನೂ ತಾನೇ ತೆಗೆದುಕೊಳ್ಳುತ್ತೇನೆ, ಬೆಲೆ ನೀವೇ ಹೇಳಿ ಎಂದ. ಯಜಮಾನರು ಫೋನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

ಒಂದು ಇಡೀ ದಿನ ಯೋಚಿಸಿದೆ ಅತ್ತಿಗೆ. ಹನ್ನೊಂದು ವರ್ಷ ‘ವಿಷಾದವಿದೆ’ ಎಂದು ಬರೆಯುವುದು ನಿಮಗೆ ಹೇಗಿತ್ತೆಂದು ಮೊದಲ ಸಲ ತಿಳಿಯಿತು. ಆ ಕಾಗದ ಬರೆಯಲು ನಾನೂ ಕೂತಿದ್ದೆ. ಸೇನಾಪತಿ ನೋಡಿದಳು. ‘ಎರಡು ಪಾಲನ್ನ ಮೂರು ಮಾಡೋದು ಗೊತ್ತಿಲ್ವಾ ನಿಂಗೆ? ಮನೇಲಿ ಯಾವತ್ತೂ ಅಡಿಗೆ ಬಡಿಸಿಲ್ವಾ?’ ಎಂದು ಪೆನ್ನು ಕಿತ್ತುಕೊಂಡಳು. ಮೂವರಿಗೂ ಸ್ವಲ್ಪಸ್ವಲ್ಪ ಕಡಿಮೆ, ಉಳಿದದ್ದು ಹದಿನೈದು ದಿನದೊಳಗೆ. ನಿಮ್ಮ ಅಧಿಕಾರಿಗೆ ಅವರ ನಂತರದ ಪಾಳಿ. ಅವನ ಊರಿನ ಆ ನರ್ಸನ್ನು ನಾನು ಮರೆತಿಲ್ಲ, ಆದರೆ ಸಾಲಿನಲ್ಲಿ ನಿಲ್ಲಬೇಕು. ಎಲ್ಲರೂ ನಿಂತಿದ್ದಾರೆ. ಯಜಮಾನರು ಮರಳಿ ಫೋನು ಮಾಡಿ ಹಾಗೆಯೇ ಹೇಳಿದರು.

ಈ ಕಾಗದ ಬರೆಯುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಲಾರಿಯವರು. ನಮ್ಮ ಕಾರ್ಖಾನೆಯ ಪೆಟ್ಟಿಗೆಗಳನ್ನು ಬಂದರಿಗೆ ಸಾಗಿಸುವವರು ಅವರೇ. ಬೆಳಿಗ್ಗೆ ಹೊರಡಬೇಕು, ಗಾಡಿ ತುಂಬಿ ನಿಂತಿದೆ. ಒಳಗೆ ಬನ್ನಿ ಎಂದರೆ ಮಗಳು ಮಲಗಿದ್ದನ್ನು ನೋಡಿ ಹೊಸಿಲಾಚೆಯೇ ನಿಂತರು. ಕೈಯಲ್ಲಿದ್ದ ಸಾಗಣೆಯ ಚೀಟಿಯನ್ನು ನನ್ನ ಕಡೆ ಚಾಚಿ, ದನಿ ತಗ್ಗಿಸಿ ಹೇಳಿದರು:

‘ಅಕ್ಕಾ, ಇಷ್ಟು ವರ್ಷ ಎಲ್ಲಿಗೆ ಅಂತ ಆ ಕಂಪನಿಯವರೇ ಅಚ್ಚು ಹಾಕಿಸಿ ಕಳಿಸೋರು, ನಾನು ಓದ್ತಾನೂ ಇರಲಿಲ್ಲ. ಇವತ್ತು ಆ ಜಾಗ ಖಾಲಿ ಇದೆ. ಎಲ್ಲಿಗೆ ಅಂತ ನೀವೇ ಬರೀಬೇಕಂತೆ.’